ಹಳೇ ಗಾಡಿಗೆ ಹೊಸ ಗ್ಲಾಸು: ಮೊದ್ಲು ಫ್ರೇಮು ನೋಡಿ, ಆಮೇಲೆ ಗ್ಲಾಸು

ಓದುಗರ ಗಾಡಿ ಪ್ರಶ್ನೆ

ಪ್ರಶ್ನೆ: ಸರ್ ನಮಸ್ಕಾರ. ನಮ್ಮದು ದಾವಣಗೆರೆ. ಅಪ್ಪಾಜಿ 1998ರಲ್ಲಿ ತಗೊಂಡ ಮಾರುತಿ 800 ಇನ್ನೂ ಮನೇಲೈತೆ, ಚೆನ್ನಾಗೇ ಓಡ್ತೈತೆ. ಹೋದ ವಾರ ಚಿತ್ರದುರ್ಗಕ್ಕೆ ಹೋಗಿ ಬರ್ವಾಗ ಆನಗೋಡು ಹತ್ರ ಮುಂದೆ ಹೋಗ್ತಿದ್ದ ಟಿಪ್ಪರಿಂದ ಜಲ್ಲಿಕಲ್ಲು ಹಾರಿ ಮುಂದಿನ ಗ್ಲಾಸಿಗೆ ಬಡೀತು. ರಾತ್ರಿ ನೋಡಿದಾಗ ಸಣ್ಣ ಚುಕ್ಕೆ ಅಷ್ಟೇ, ಬೆಳಗ್ಗೆ ಎದ್ದು ನೋಡಿದ್ರೆ ಒಂದು ಗೇಣು ಉದ್ದ ಬಿರುಕು. ಮೂರು ಅಂಗಡಿ ತಿರುಗ್ದೆ. ಒಬ್ರು ಕಂಪನಿ ಗ್ಲಾಸೇ ತರಿಸ್ತೀನಿ ನಾಲ್ಕು ದಿನ ಕಾಯ್ಬೇಕು ಅಂದ್ರು, ಇನ್ನೊಬ್ರು ಲೋಕಲ್ ಇದೆ ಅರ್ಧ ರೇಟು ಈಗ್ಲೇ ಕೂರಿಸಿಕೊಡ್ತೀನಿ ಅಂದ್ರು, ಮೂರನೇಯವ್ರು ಗುಜರಿ ಗಾಡೀದು ಒರಿಜಿನಲ್ ಗ್ಲಾಸೈತೆ ಅಣ್ಣ ಅಂದ್ರು. ಯಾವುದು ಹಾಕಿಸ್ಲಿ? ಅಮ್ಮ ಮಾರಿಬಿಡು ಅಂತಾರೆ, ನಂಗೆ ಮನಸ್ಸಿಲ್ಲ.

ಉತ್ತರ: ಮಾರಬೇಡಿ. ಒಂದು ಗ್ಲಾಸು ಹೋಯ್ತು ಅಂತ ಓಡೋ ಗಾಡಿ ಯಾರಾದ್ರೂ ಮಾರ್ತಾರಾ, ಅದೂ ಅಪ್ಪಾಜಿ ಗಾಡಿ. 800 ತಯಾರಿ 2014ರಲ್ಲೇ ನಿಂತಿದೆ ನಿಜ, ಆದ್ರೆ ಅದರ ಗ್ಲಾಸಿಗೂ ರಬ್ಬರಿಗೂ ಇನ್ನೂ ಬರ ಬಂದಿಲ್ಲ. ಅಮ್ಮನಿಗೆ ಹೀಗೇ ಹೇಳಿ.

ನೀವು ಕೇಳಿರೋದು ಮೂರು ಗ್ಲಾಸಲ್ಲಿ ಯಾವುದು ಅಂತ. ಅದಕ್ಕೆ ಬರ್ತೀನಿ. ಆದ್ರೆ ಇಷ್ಟು ವರ್ಷ ಗಾಡಿ ಗ್ಲಾಸು ಕೂರಿಸಿದ ಕೈ ಇದು, ಹಳೇ ಗಾಡಿ ವಿಷಯದಲ್ಲಿ ನಾನು ಕಂಡಿದ್ದು ಏನಂದ್ರೆ ಒಳ್ಳೇ ಗ್ಲಾಸು ತಂದು ಕೆಟ್ಟ ಫ್ರೇಮಿಗೆ ಕೂರಿಸಿದ್ರೆ ದುಡ್ಡು ನೀರಿಗೆ ಹಾಕಿದ ಹಾಗೇನೇ. ನಿಮ್ಮ 800, ಓಮ್ನಿ, ಅಂಬಾಸಿಡರ್ ಇವೆಲ್ಲ ರಬ್ಬರ್ ಬೀಡಿಂಗಿನ ಗಾಡಿಗಳು, ಗಾಜು ಸುತ್ತ ರಬ್ಬರು, ರಬ್ಬರಿನ ಇನ್ನೊಂದು ಕಡೆ ಗಾಡಿ ತಗಡಿನ ಅಂಚನ್ನ ಕಚ್ಚಿಕೊಂಡಿರುತ್ತೆ. ಇಪ್ಪತ್ತೈದು ವರ್ಷ ಆ ರಬ್ಬರಿನ ಅಡಿ ಏನು ನಡೆದಿದೆ ಅಂತ ಹೊರಗಿಂದ ಯಾರಿಗೂ ಕಾಣಲ್ಲ. ಒಂದು ಸಲ ಅಂಬಾಸಿಡರ್ ಒಂದು ಬಂತು, ಪೇಂಟು ಫಳಫಳ ಹೊಳೀತಿತ್ತು, ಹಳೇ ರಬ್ಬರು ಬ್ಲೇಡಲ್ಲಿ ಕೊಯ್ದು ಎಳೆದ್ರೆ ಕೆಳಗಿನ ಎರಡೂ ಮೂಲೇಲಿ ತುಕ್ಕು ಹಪ್ಪಳದ ಹಾಗೆ ಪದರ ಪದರ ಎದ್ದಿತ್ತು, ಬೆರಳಲ್ಲಿ ಒತ್ತಿದ್ರೆ ಪುಡಿಯಾಗಿ ಡ್ಯಾಶ್‌ಬೋರ್ಡ್ ಮೇಲೆ ಉದುರ್ತು. ಆ ಮೂಲೇಲೇ ನೀರು ನಿಲ್ಲೋದು, ಆ ಮೂಲೆಯಿಂದಾನೇ ಸೀಟಿನ ಅಡಿ ಮ್ಯಾಟು ಒದ್ದೆ ಆಗೋದು.

ಅದಕ್ಕೆ ಮೊದಲನೇ ಮಾತು. ಅಂಗಡಿಯವ್ರಿಗೆ ಹೇಳಿ, ಹಳೇ ಗ್ಲಾಸು ತೆಗೆದ ಮೇಲೆ ನನ್ನ ಕರೀರಿ, ಫ್ರೇಮು ನಾನು ನೋಡ್ಬೇಕು, ನೋಡದೆ ಹೊಸ ಗ್ಲಾಸು ಎತ್ತಬೇಡಿ ಅಂತ. ಮೇಲ್ಮೇಲಿನ ತುಕ್ಕಾದ್ರೆ ವೈರ್ ಬ್ರಷ್ ಹಾಕಿ ಎಮರಿ ಪೇಪರಲ್ಲಿ ತಿಕ್ಕಿ, ಹೊಳೆಯೋ ತಗಡು ಕಂಡ ಮೇಲೆ ಪ್ರೈಮರ್, ಆಮೇಲೆ ಪೇಂಟು, ಪೂರ್ತಿ ಒಣಗ್ಬೇಕು. ತೂತು ಬಿದ್ದಿದ್ರೆ ಟಿಂಕರಿಂಗಿಗೆ ಬಿಟ್ಟು ತೇಪೆ ವೆಲ್ಡಿಂಗ್ ಮಾಡಿಸ್ಬೇಕು, ಎರಡು ದಿನ ಹೋದ್ರೂ ಹೋಗ್ಲಿ. ತುಕ್ಕಿನ ಮೇಲೇ ಪೇಸ್ಟ್ ಮೆತ್ತಿ ಬಣ್ಣ ಹೊಡೀತೀನಿ ಅಂದ್ರೆ ಒಪ್ಪಬೇಡಿ, ಒಂದು ಮಳೆಗಾಲ ಕಳೆಯೋಷ್ಟರಲ್ಲಿ ಒಳಗಿಂದ ಉಬ್ಬಿಕೊಂಡು ಬರುತ್ತೆ.

ನನ್ನ ಸ್ವಂತ ಓಮ್ನಿಗೇ ಇದು ಆಗಿದೆ. ನಾನು ಊರಲ್ಲಿಲ್ಲದಾಗ ತಮ್ಮ ಗಾಡಿ ತಗೊಂಡು ಹೋಗಿದ್ದ, ದಾರೀಲಿ ಗ್ಲಾಸು ಒಡೀತು, ಅಲ್ಲೇ ಸಿಕ್ಕ ಒಂದು ಅಂಗಡೀಲಿ ಹಾಕಿಸಿದ. ಹಳೇ ರಬ್ಬರೇ ವಾಪಸ್ ಹಾಕಿ, ಅದು ಗಟ್ಟಿಯಾಗಿ ಕೂರ್ಲಿಲ್ಲ ಅಂತ ಸುತ್ತ ಸಿಲಿಕೋನ್ ಎಳೆದಿದ್ರು, ಮನೆ ಬಾತ್‌ರೂಮಿಗೆ ಹಾಕ್ತಾರಲ್ಲ ವಿನಿಗರ್ ವಾಸನೆ ಬರುತ್ತೆ ಆ ಸಿಲಿಕೋನ್. ಅದು ಒಣಗೋವಾಗ ಬಿಡೋದು ಆಸಿಡ್ಡು, ಬರೀ ತಗಡು ಸಿಕ್ರೆ ತುಕ್ಕು ಇನ್ನೂ ಜೋರಾಗುತ್ತೆ. ಮುಂದಿನ ಜೂನಲ್ಲಿ ಮಳೆ ಬಂದಾಗ ಸ್ಟೇರಿಂಗ್ ಹತ್ರ ತೊಟ್ಟಿಕ್ಕೋಕೆ ಶುರುವಾಯ್ತು, ರಬ್ಬರು ಬಿಚ್ಚಿದ್ರೆ ಅಂಚಲ್ಲಿ ಹೆಬ್ಬೆರಳು ತೂರೋಷ್ಟು ತೂತು. ಗ್ಲಾಸಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡು ತಗಡಿನ ಕೆಲಸಕ್ಕೆ ಹೋಯ್ತು.

ಈಗ ಗ್ಲಾಸಿಗೆ ಬರೋಣ. ಮುಂದಿನ ಗ್ಲಾಸು ಲ್ಯಾಮಿನೇಟೆಡ್ಡೇ ಇರ್ಬೇಕು. ಅಂದ್ರೆ ಎರಡು ತೆಳು ಗಾಜು, ಮಧ್ಯೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ, ಸಾಮಾನ್ಯವಾಗಿ ಮುಕ್ಕಾಲು ಮಿಲಿಮೀಟರ್ ದಪ್ಪ. ಕಲ್ಲು ಬಡಿದ್ರೆ ಜೇಡರಬಲೆ ಹಾಗೆ ಬಿರುಕು ಬಿಡುತ್ತೆ ಹೊರತು ಮೈಮೇಲೆ ಉದುರಲ್ಲ, ತಲೆ ಬಡಿದ್ರೂ ಆ ಪದರ ಹಿಡ್ಕೊಳ್ಳುತ್ತೆ. ಬಾಗಿಲಿನ ಗ್ಲಾಸು ಬೇರೆ ಜಾತಿ, ಅದು ಟಫನ್ಡ್, ಒಡೆದ್ರೆ ಸಕ್ಕರೆ ಕಲ್ಲಿನ ಹಾಗೆ ಚೂರು ಚೂರಾಗುತ್ತೆ. ಹಳೇ ಕಾಲದ ಕೆಲವು ಗಾಡಿಗೆ ಮುಂದೇನೂ ಟಫನ್ಡ್ ಇರ್ತಿತ್ತು, ಓಡ್ತಿರೋವಾಗ ಕಲ್ಲು ಬಿದ್ರೆ ಇಡೀ ಗ್ಲಾಸು ಒಂದೇ ಸಲ ಬೆಳ್ಳಗಾಗಿ ರಸ್ತೆನೇ ಕಾಣ್ತಿರ್ಲಿಲ್ಲ. ಎಂಬತ್ತರ ಸ್ಪೀಡಲ್ಲಿ ಹೈವೇಲಿ ಹೀಗಾದ್ರೆ ಏನು ಗತಿ ಯೋಚ್ನೆ ಮಾಡಿ. ಗುರುತು ಹಿಡಿಯೋದು ಸುಲಭ, ಕೂರಿಸೋ ಮುಂಚೆ ಗಾಜಿನ ಅಂಚನ್ನ ಬೆಳಕಿಗೆ ಹಿಡಿದು ನೋಡಿ, ಗಾಜು, ಸಣ್ಣ ಗೆರೆ, ಮತ್ತೆ ಗಾಜು ಅಂತ ಮೂರು ಪದರ ಕಾಣುತ್ತೆ. ಬೆರಳ ಗಂಟಲ್ಲಿ ತಟ್ಟಿದ್ರೆ ಲ್ಯಾಮಿನೇಟೆಡ್ಡು ಮಂದ ಸದ್ದು ಮಾಡುತ್ತೆ, ಟಫನ್ಡು ಟಣ್ ಅನ್ನುತ್ತೆ.

ಕೆಳಗಿನ ಮೂಲೇಲಿ ಒಂದು ಸಣ್ಣ ಮುದ್ರೆ ಇರುತ್ತೆ, ಅದನ್ನ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ದೊಡ್ಡದು ಮಾಡಿ ಓದಿ. ಐಎಸ್‌ಐ ಗುರುತು, ಐಎಸ್ 2553 ಅನ್ನೋ ಸೇಫ್ಟಿ ಗ್ಲಾಸಿನ ಸ್ಟ್ಯಾಂಡರ್ಡ್ ನಂಬರು, ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರು, ತಯಾರಿಸಿದವರ ಹೆಸರು, ಲ್ಯಾಮಿನೇಟೆಡ್ ಅನ್ನೋ ಪದ. ಆ ಲೈಸೆನ್ಸ್ ನಂಬರನ್ನ, ಐಎಸ್‌ಐ ಗುರುತು ಕೊಡೋ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಯಾವ ಕಂಪನಿಗೆ ಯಾವ ಮಾಲಿಗೆ ಕೊಟ್ಟಿದ್ದು ಅಂತ ಬರುತ್ತೆ, ಎರಡು ನಿಮಿಷದ ಕೆಲಸ. ಗ್ಲಾಸಿನ ಮೇಲಿರೋ ಹೆಸರೂ ಆ್ಯಪಲ್ಲಿ ಬರೋ ಹೆಸರೂ ಒಂದೇ ಇರ್ಬೇಕು. ಮುದ್ರೆ ಗಾಜಿನಲ್ಲೇ ಇರ್ಬೇಕು ಮತ್ತೆ, ಉಗುರಲ್ಲಿ ಕೆರೆದ್ರೆ ಏಳೋ ಸ್ಟಿಕ್ಕರ್ ಅಲ್ಲ.

ಹಾಗಾದ್ರೆ ಲೋಕಲ್ ಅಂದ್ರೆ ಕೆಟ್ಟದಾ? ಇಲ್ಲಿ ಸುಮಾರು ಜನ ಎಡವ್ತಾರೆ. ಶೋರೂಮಲ್ಲಿ ಮಾರುತಿ ಡಬ್ಬದಲ್ಲಿ ಬರೋ ಗ್ಲಾಸನ್ನೂ ಮಾರುತಿ ಮಾಡಲ್ಲ, ಗಾಜಿನ ಕಂಪನಿಗಳು ಮಾಡಿಕೊಡ್ತಾವೆ, ನಮ್ಮ ದೇಶದಲ್ಲಿ ಅಸಾಹಿ ಇಂಡಿಯಾ, ಸೇಂಟ್ ಗೋಬೈನ್ ಸೆಕ್ಯುರಿಟ್ ಅಂಥವು. ಇದೇ ಕಂಪನಿಗಳ ಗ್ಲಾಸು ಗಾಡಿ ಕಂಪನಿ ಲೋಗೋ ಇಲ್ದೆ ಹೊರಗಿನ ಅಂಗಡೀಲೂ ಸಿಗುತ್ತೆ, ಅದನ್ನೂ ಅಂಗಡಿಯವ್ರು ಲೋಕಲ್ ಅಂತಾರೆ, ಹೆಸರೇ ಇಲ್ಲದ್ದನ್ನೂ ಲೋಕಲ್ ಅಂತಾರೆ. ಮೊದಲನೇದು ಧಾರಾಳವಾಗಿ ಹಾಕಿಸಿ, ಎರಡನೇದು ಬೇಡ. ಆದ್ದರಿಂದ ಆ ಅರ್ಧ ರೇಟಿನ ಅಂಗಡಿಗೆ ಇನ್ನೊಂದ್ಸಲ ಹೋಗಿ ಮುದ್ರೆ ತೋರ್ಸಿ ಅನ್ನಿ, ಇದ್ರೆ ನಾಲ್ಕು ದಿನ ಕಾಯೋದೇ ಬೇಡ.

ಮುದ್ರೆ ಸರಿ ಇದ್ರೂ ಇನ್ನೊಂದು ಪರೀಕ್ಷೆ ಬಾಕಿ. ಎದುರು ಅಂಗಡಿ ಶಟರ್ ಎಳೆದಿರುತ್ತಲ್ಲ, ಅದರ ಅಡ್ಡ ಗೆರೆಗಳನ್ನ ಗ್ಲಾಸಿನ ಮೂಲಕ ನೋಡ್ಬೇಕು. ಇಬ್ಬರು ಗ್ಲಾಸನ್ನ ಗಾಡೀಲಿ ಹೇಗೆ ಓರೆ ಕೂರುತ್ತೋ ಹಾಗೇ ಹಿಡೀಲಿ, ನೀವು ಡ್ರೈವರ್ ಕೂರೋ ದೂರದಲ್ಲಿ ನಿಂತು ತಲೆ ನಿಧಾನಕ್ಕೆ ಎಡಕ್ಕೆ ಬಲಕ್ಕೆ ಆಡಿಸಿ. ಗೆರೆ ನೆಟ್ಟಗೆ ನಿಂತ್ರೆ ಒಳ್ಳೇ ಗ್ಲಾಸು, ಗೆರೆ ಕೆರೆ ನೀರಿನ ಹಾಗೆ ಅಲುಗಾಡಿದ್ರೆ ಬಗ್ಗಿಸೋವಾಗ ಸರಿಯಾಗಿ ಬಗ್ಗಿಸಿಲ್ಲ ಅಂತ ಅರ್ಥ. ಅಂಚಲ್ಲಿ ಒಂದೆರಡು ಇಂಚು ಸ್ವಲ್ಪ ಆಡಿದ್ರೆ ಪರವಾಗಿಲ್ಲ, ಸ್ಟೇರಿಂಗ್ ಎದುರು ಆಡ್ಬಾರ್ದು. ಅಂಥ ಗ್ಲಾಸು ಹಾಕಿಸಿಕೊಂಡು ರಾತ್ರಿ ಹಿರಿಯೂರಿನ ತನಕ ಓಡಿಸಿದ್ರೆ ತಲೆನೋವು ಬರುತ್ತೆ, ಎದುರು ಲೈಟು ಎರಡೆರಡು ಕಾಣುತ್ತೆ, ಸುಸ್ತು ಯಾಕಾಯ್ತು ಅಂತಾನೇ ಗೊತ್ತಾಗಲ್ಲ.

ಗುಜರಿ ಗ್ಲಾಸು ಬೇಡ. ಒರಿಜಿನಲ್ಲೇ ಇರಬಹುದು, ಆದ್ರೆ ಅದೂ ಇಪ್ಪತ್ತು ವರ್ಷ ಧೂಳು ತಿಂದಿದೆ, ಬಿಸಿಲಲ್ಲಿ ಓರೆಯಾಗಿ ನೋಡಿದ್ರೆ ಮೈತುಂಬ ಸೂಜಿಮೊನೆ ಗುಂಡಿ, ವೈಪರ್ ಕೆರೆದ ಕಮಾನು. ಅಂಚಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಹಬ್ಬಿದ್ರೆ ನೀರು ಪದರದೊಳಗೆ ಇಳಿದಿದೆ ಅಂತ, ಅದು ಇನ್ನೂ ಹಬ್ಬುತ್ತೆ. ಹೊಸಾದು ಎಲ್ಲೂ ಸಿಗದ ಪದ್ಮಿನಿ, ಕಾಂಟೆಸ್ಸಾ ಅಂಥ ಗಾಡಿಗಾದ್ರೆ ನೋಡಿ ಆರಿಸಿ ತಗೋಬಹುದು, 800ಕ್ಕೆ ಆ ದರ್ದೇ ಇಲ್ಲ.

ಗ್ಲಾಸಿನ ಜೊತೆ ಹೊಸ ರಬ್ಬರು ಕಡ್ಡಾಯ. ಹಳೇದು ನೋಡೋಕೆ ಚೆನ್ನಾಗಿರುತ್ತೆ, ಎರಡು ಬೆರಳಲ್ಲಿ ಮಡಚಿ ನೋಡಿ, ಮೇಲೆ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತೆ. ಕೂರಿಸೋದನ್ನ ನಿಂತು ನೋಡಿ, ನೋಡೋಕೇ ಚೆಂದದ ಕೆಲಸ ಅದು. ರಬ್ಬರನ್ನ ಮೊದ್ಲು ಗಾಜಿನ ಸುತ್ತ ಹಾಕ್ತಾರೆ, ತಗಡು ಕಚ್ಚೋ ಕಡೆ ಸಂದಿಗೆ ಉದ್ದಕ್ಕೂ ನೈಲಾನ್ ಹುರಿ ಕೂರಿಸಿ ಎರಡು ತುದಿ ಕೆಳಗೆ ಮಧ್ಯದಲ್ಲಿ ಇಳಿಬಿಡ್ತಾರೆ, ಸೋಪಿನ ನೀರು ಸವರಿ ಗ್ಲಾಸನ್ನ ಹೊರಗಿಂದ ಒರಗಿಸ್ತಾರೆ. ಒಬ್ಬ ಒಳಗೆ ಕೂತು ಹುರಿ ಎಳೀತಾ ಹೋಗ್ತಾನೆ, ಹೊರಗಿನವನು ಅದೇ ಜಾಗಕ್ಕೆ ಅಂಗೈಯಲ್ಲಿ ಪಟ್ ಪಟ್ ತಟ್ಟುತ್ತಾ ಬರ್ತಾನೆ, ರಬ್ಬರಿನ ತುಟಿ ಒಂದೊಂದೇ ಇಂಚು ತಗಡಿನ ಮೇಲೆ ಹತ್ತಿ ಕೂರುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟೋದು ಕಂಡ್ರೆ ನಿಲ್ಲಿಸಿ, ಗಾಜಿನ ಅಂಚು ಕಣ್ಣಿಗೆ ಕಾಣದಷ್ಟು ಚಿಪ್ಪೆದ್ರೂ ಸಾಕು, ಹದಿನೈದು ದಿನ ಬಿಟ್ಟು ಅಲ್ಲಿಂದ್ಲೇ ಬಿರುಕು ಹೊರಡುತ್ತೆ. ಸೋಪಿನ ಬದಲು ಗ್ರೀಸು, ಡೀಸೆಲ್ ಸವರಿದ್ರೂ ಬೇಡ ಅನ್ನಿ, ಎಣ್ಣೆ ತಾಗಿದ ರಬ್ಬರು ಉಬ್ಬಿ ಹಾಳಾಗುತ್ತೆ. ಕೊನೇಗೆ ಪೈಪಿಂದ ಮೇಲಿನ ಅಂಚಿಗೆ ನಿಧಾನಕ್ಕೆ ಹತ್ತು ನಿಮಿಷ ನೀರು ಬಿಡಿಸಿ, ನೀವು ಒಳಗೆ ಕೂತು ಮೂಲೆಗೆ ಟಿಶ್ಯೂ ಪೇಪರ್ ಒತ್ತಿ ನೋಡಿ. ಒಣಗಿದ್ರೆ ದುಡ್ಡು ಕೊಡಿ.

ಪ್ರಶ್ನೆ: ನಮ್ಮದು 2008ರ ಸ್ವಿಫ್ಟ್, ಚಿತ್ರದುರ್ಗ. ಗ್ಲಾಸು ಬದಲಾಯಿಸಿದ ಮೇಲೆ ಅರ್ಧ ಗಂಟೇಲಿ ಗಾಡಿ ತಗೊಂಡು ಹೋಗಿ ಅಂತಾರೆ ಅಂಗಡಿಯವ್ರು, ನನ್ನ ಫ್ರೆಂಡು ಒಂದು ದಿನ ಬಿಡ್ಬೇಕು ಅಂತಾನೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಫ್ರೆಂಡಿನ ಕಡೆ ನಾನು. ನಿಮ್ಮದು ರಬ್ಬರಿನ ಗಾಡಿ ಅಲ್ಲ, ಗ್ಲಾಸನ್ನ ಪಿಯು, ಅಂದ್ರೆ ಪಾಲಿಯುರೆಥೇನ್ ಗಮ್ಮಲ್ಲಿ ಬಾಡಿಗೇ ಅಂಟಿಸಿರ್ತಾರೆ. ಅಂಥ ಗಾಡೀಲಿ ಗ್ಲಾಸೂ ಬಾಡಿಯ ಒಂದು ಭಾಗ ಇದ್ದಂಗೆ, ಗಾಡಿ ಪಲ್ಟಿ ಆದ್ರೆ ಟಾಪಿಗೆ ಆಸರೆ ಅದೇ, ಪಕ್ಕದ ಸೀಟಿನ ಏರ್‌ಬ್ಯಾಗ್ ಇರೋ ಗಾಡೀಲಿ ಬ್ಯಾಗು ಉಬ್ಬಿ ಗ್ಲಾಸಿಗೇ ಬಡಿದು ಆಮೇಲೆ ಮನುಷ್ಯನ ಕಡೆ ಬರೋದು, ಗಮ್ಮು ಹಸಿ ಇದ್ರೆ ಗ್ಲಾಸೇ ಹಾರಿ ಹೋಗುತ್ತೆ. ಎಷ್ಟು ಹೊತ್ತು ಬಿಡ್ಬೇಕು ಅನ್ನೋದು ಆಯಾ ಗಮ್ಮಿನ ಮೇಲಿದೆ, ಅದರ ಟ್ಯೂಬ್ ಮೇಲೋ ಪೇಪರಲ್ಲೋ ಬರೆದಿರ್ತಾರೆ, ಕೇಳಿ ಓದಿ, ಎಕ್ಸ್‌ಪೈರಿ ಡೇಟೂ ಅಲ್ಲೇ ಇರುತ್ತೆ. ಇನ್ನೊಂದು ವಿಷಯ ನಮ್ಮ ಕಡೆಯವ್ರಿಗೆ ಮುಖ್ಯ. ಸಾಮಾನ್ಯವಾಗಿ ಹಾಕೋ ಪಿಯು ಗಮ್ಮು ಬಿಸಿಲಿಗೆ ಒಣಗಲ್ಲ, ಗಾಳೀಲಿರೋ ತೇವ ಹೀರಿಕೊಂಡು ಗಟ್ಟಿಯಾಗುತ್ತೆ. ಚಿತ್ರದುರ್ಗದ ಮಾರ್ಚು ಏಪ್ರಿಲ್ ಗಾಳೀಲಿ ತೇವ ಎಲ್ಲಿರುತ್ತೆ ಹೇಳಿ, ಹೊರಗೆ ಚರ್ಮ ಕಟ್ಟಿದ್ರೂ ಒಳಗೆ ಹಸಿ ಇರುತ್ತೆ. ಅದಕ್ಕೇ ಒಂದು ಇಡೀ ದಿನ ಬಿಡಿ, ಬೆಳಗ್ಗೆ ನೆರಳಲ್ಲಿ ಹಾಕಿಸಿ, ಬಾಗಿಲು ಧಡ್ ಅಂತ ಹಾಕ್ಬೇಡಿ, ಒಂದು ಕಿಟಕಿ ಎರಡು ಬೆರಳು ಇಳಿಸಿಡಿ, ಎರಡು ಮೂರು ದಿನ ವಾಟರ್ ಸರ್ವೀಸಿಗೆ ಒಯ್ಯಬೇಡಿ. ಹಳೇ ಗ್ಲಾಸು ಕೊಯ್ದು ತೆಗೆಯೋವಾಗ ಬಾಡಿ ಪೇಂಟಿಗೆ ಗೀರು ಬಿದ್ರೆ ಅಲ್ಲಿಗೆ ಪ್ರೈಮರ್ ಹಚ್ಚಿಸೋದು ಮರೀಬೇಡಿ, ಹೊಸ ಗ್ಲಾಸಿನ ಸುತ್ತ ಇರೋ ಕಪ್ಪು ಪಟ್ಟೀನೂ ಕ್ಲೀನ್ ಮಾಡಿ ಪ್ರೈಮರ್ ಹಚ್ಚಿದ್ಮೇಲೇ ಗಮ್ಮು. ಆ ಕಪ್ಪು ಪಟ್ಟಿ ಚೆಂದಕ್ಕೆ ಇರೋದಲ್ಲ, ಗಮ್ಮಿಗೆ ಬಿಸಿಲು ತಾಗದ ಹಾಗೆ ಮರೆ ಅದು.

ಪ್ರಶ್ನೆ: ಹೊಳಲ್ಕೆರೆ ರೋಡಲ್ಲಿ ಲಾರಿ ಹಿಂದೆ ಹೋಗ್ತಾ ಕಡ್ಲೆಕಾಳಷ್ಟು ಚಿಪ್ಪು ಎದ್ದಿದೆ, ಬಿರುಕಿಲ್ಲ. ಗ್ಲಾಸೇ ಬದಲಾಯಿಸ್ಬೇಕಾ?

ಉತ್ತರ: ಬೇಡ, ಆದ್ರೆ ಇವತ್ತೇ ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ, ನೀರು ಧೂಳು ಒಳಗೆ ಇಳೀಬಾರ್ದು. ರೆಸಿನ್ ತುಂಬಿ ಗಟ್ಟಿ ಮಾಡೋರು ಇದ್ದಾರೆ, ಚಿಪ್ಪು ಸಣ್ಣದಿದ್ದು ಸ್ಟೇರಿಂಗ್ ಎದುರಿಗೂ ಅಂಚಿನ ಹತ್ರಾನೂ ಇಲ್ಲದಿದ್ರೆ ಕೆಲಸ ಚೆನ್ನಾಗಾಗುತ್ತೆ, ಗುರುತು ಸ್ವಲ್ಪ ಉಳಿಯುತ್ತೆ ಅಷ್ಟೇ. ಅಲ್ಲಿ ತನಕ ಬಿಸಿಲಲ್ಲಿ ಕಾದ ಗ್ಲಾಸಿಗೆ ತಣ್ಣೀರು ಎರಚಬೇಡಿ, ಎಸಿ ಗಾಳಿ ನೇರ ಗ್ಲಾಸಿಗೆ ಬಿಡಬೇಡಿ. ಮೇಲಿನ ಪ್ರಶ್ನೆಯ 800 ಗಾಡೀಲಿ ಚುಕ್ಕೆ ಇದ್ದಿದ್ದು ಬೆಳಗಾಗೋಷ್ಟರಲ್ಲಿ ಗೇಣುದ್ದ ಆಗಿದ್ದೂ ಹೀಗೇನೇ, ಹಗಲು ಕಾದ ಗಾಜು ರಾತ್ರಿ ತಣ್ಣಗಾದಾಗ ಎಳೆದಾಡುತ್ತೆ, ಚಿಪ್ಪೆದ್ದ ಜಾಗ ತಡೆಯಲ್ಲ. ಮತ್ತೆ ಜಲ್ಲಿ ಲಾರಿ ಹಿಂದೆ ಅಂಟಿಕೊಂಡು ಹೋಗ್ಬೇಡಿ, ಟಾರ್ಪಲ್ ಕಟ್ಟಿದ್ರೂ ಅದರ ಟೈರು ರಸ್ತೇಲಿರೋ ಕಲ್ಲನ್ನೂ ಎಸೆಯುತ್ತೆ.

ಪ್ರಶ್ನೆ: ಚಳ್ಳಕೆರೆ ಹತ್ರ ನಮ್ಮ ತೋಟದ ಹಳೇ ಮಹೀಂದ್ರ ಜೀಪು, ಗ್ಲಾಸು ಚಪ್ಪಟೆ. ಮನೆ ಕಿಟಕಿ ಗ್ಲಾಸಿನ ಅಂಗಡೀಲಿ ಕಟ್ ಮಾಡಿಸಿ ಹಾಕ್ಬಹುದಾ, ಪರಿಚಯದವ್ರು ಐದೇ ನಿಮಿಷ ಅಂತಾರೆ.

ಉತ್ತರ: ಮಾಮೂಲಿ ಕಿಟಕಿ ಗಾಜು ಮಾತ್ರ ದಯವಿಟ್ಟು ಬೇಡ ಅಣ್ಣ, ಒಡೆದ್ರೆ ಕತ್ತಿಯಂಥ ಚೂರು, ಎದುರಿಗಿರೋದು ನಿಮ್ಮ ಮುಖ ಕತ್ತು. ಚಪ್ಪಟೆ ಗ್ಲಾಸಾದ್ರಿಂದ ಲ್ಯಾಮಿನೇಟೆಡ್ ಶೀಟಲ್ಲಿ ಅಳತೆಗೆ ಕೊಯ್ಯೋಕೆ ಬರುತ್ತೆ, ಟಫನ್ಡ್ ಕೊಯ್ಯೋಕೇ ಬರಲ್ಲ. ಆದ್ರೆ ಶೀಟು ಯಾವುದು ಅಂತ ನೋಡ್ಬೇಕು, ಐಎಸ್ 2553ರಲ್ಲಿ ಭಾಗ 1 ಕಟ್ಟಡಕ್ಕೆ, ಭಾಗ 2 ಗಾಡಿಗೆ. ಬಿಲ್ಲಲ್ಲಿ ಭಾಗ 2 ಅಂತ ಬರೆಸಿ. ನಾನಾದ್ರೆ ಜೀಪಿನ ಸ್ಪೇರ್ ಅಂಗಡೀಲಿ ಮುದ್ರೆ ಇರೋ ರೆಡಿ ಗ್ಲಾಸೇ ಹುಡುಕ್ತೀನಿ.

ಪ್ರಶ್ನೆ: ದಾವಣಗೆರೆ. ಹಳೇ ಗಾಡಿಗೆ ಇನ್ಶೂರೆನ್ಸಲ್ಲಿ ಗ್ಲಾಸು ಸಿಗುತ್ತಾ? ಮುಂದಿನ ತಿಂಗಳು ಆರ್‌ಸಿ ರಿನೀವಲ್ ಬೇರೆ ಇದೆ. ಕೂಲಿಂಗ್ ಫಿಲಮ್ಮೂ ಹಾಕಿಸ್ಬೇಕು ಅಂತಿದೀನಿ.

ಉತ್ತರ: ಬರೀ ಥರ್ಡ್ ಪಾರ್ಟಿ ಇದ್ರೆ ಏನೂ ಸಿಗಲ್ಲ. ಫುಲ್ ಇನ್ಶೂರೆನ್ಸ್ ಇದ್ರೆ ಸಿಗುತ್ತೆ, ಅದ್ರಲ್ಲೂ ಗಾಜಿನ ಸಾಮಾನಿಗೆ ಗಾಡಿ ಎಷ್ಟು ಹಳೇದಾದ್ರೂ ಸವಕಳಿ ಕಳೆಯಲ್ಲ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ರಬ್ಬರಿಗೆ ಮಾತ್ರ ಅರ್ಧ ಕಳೀತಾರೆ. ಜೊತೆಗೆ 1500 ಸಿಸಿ ತನಕದ ಕಾರಿಗೆ ಮೊದಲ 1000 ರೂಪಾಯಿ ನಿಮ್ಮ ಕೈಯಿಂದ. ಕ್ಲೇಮು ಮಾಡಿದ್ರೆ ನೋ ಕ್ಲೇಮ್ ಬೋನಸ್, ಅಂದ್ರೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯ್ತಿ, ಹೋಗಬಹುದು, ಹಾಗಾಗಿ ಎರಡನ್ನೂ ಎದುರು ಬದುರು ಇಟ್ಟು ಲೆಕ್ಕ ಹಾಕಿ, ಕೆಲವು ಸಲ ಕೈಯಿಂದ ಕೊಡೋದೇ ಲಾಭ. ಕ್ಲೇಮು ಮಾಡೋದಾದ್ರೆ ಒಡೆದ ಗ್ಲಾಸು ಬಿಚ್ಚೋ ಮುಂಚೆಯೇ ಫೋನ್ ಮಾಡಿ ತಿಳಿಸ್ಬೇಕು, ಬಿಚ್ಚಿದ ಮೇಲೆ ಹೇಳಿದ್ರೆ ಕೇಳಲ್ಲ.

ರಿನೀವಲ್‌ಗೆ ಆರ್‌ಟಿಓ ಹತ್ರ ಒಯ್ಯೋ ಮುಂಚೆ ಬಿರುಕಿನ ಗ್ಲಾಸು ಬದಲಾಯಿಸಿಬಿಡಿ, ಇನ್ಸ್‌ಪೆಕ್ಟರ್ ಗಾಡಿ ಮುಂದೆ ನಿಂತ್ರೆ ಮೊದ್ಲು ಕಾಣೋದೇ ಅದು. ಫಿಲಮ್ ಮುಂದಿನ ಗ್ಲಾಸಿಗೆ ಬೇಡ, ಮುಂದಿನ ಹಿಂದಿನ ಗ್ಲಾಸಲ್ಲಿ ಕನಿಷ್ಠ 70 ಪರ್ಸೆಂಟ್, ಪಕ್ಕದ್ದರಲ್ಲಿ 50 ಪರ್ಸೆಂಟ್ ಬೆಳಕು ಹಾಯ್ಬೇಕು ಅಂತ ರೂಲ್ಸಿದೆ. ಬಿಸಿಲಿಗೆ ಮೈ ಸುಡುತ್ತೆ ಅನ್ನೋದಾದ್ರೆ ಲ್ಯಾಮಿನೇಟೆಡ್ ಗ್ಲಾಸಿನ ಮಧ್ಯದ ಪದರಾನೇ ಯುವಿ ಕಿರಣ ಬಹುಪಾಲು ತಡೆಯುತ್ತೆ, ಶೆಕೆ ತಡೆಯೋಕೆ ನಿಲ್ಲಿಸಿದಾಗ ಒಳಗೆ ಸನ್‌ಶೇಡ್ ಇಡಿ. ಹೊಸ ಗ್ಲಾಸಿನ ಜೊತೆ ವೈಪರ್ ಬ್ಲೇಡೂ ಹೊಸಾದು ಹಾಕ್ಸಿ, ಹಳೇ ಬ್ಲೇಡಲ್ಲಿ ಕೂತಿರೋ ಮರಳು ಮೊದಲನೇ ದಿನಾನೇ ಗೀರು ಎಳೆಯುತ್ತೆ.